ಒಂದು ಹನಿ ಎಂಜಲು ಏನು ಹೇಳೀತು?

ಬೆಂಗಳೂರಿನ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲೋ ಹಲಸೂರಿನಲ್ಲೋ ಬೆಳಿಗ್ಗೆ ರಕ್ತ ಕೊಟ್ಟು ಬಂದರೆ ಸಂಜೆಗೆಲ್ಲ ಮೊಬೈಲಿಗೆ ರಿಪೋರ್ಟ್ ಬಂದಿರುತ್ತದೆ. ಅರವತ್ತು ದಾಟಿದ ಗಂಡಸರು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡಿಸುವ ಪಿಎಸ್‌ಎ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಮನೆಮಂದಿಯ ಕಣ್ಣು ಹೋಗುವುದು ಅಂಕಿಯ ಕಡೆಗೆ: ನಾಲ್ಕಕ್ಕಿಂತ ಕೆಳಗಿದೆಯೋ ಮೇಲಿದೆಯೋ. ಅದರ ಪಕ್ಕದಲ್ಲೋ ಕೆಳಗೋ ಪರೀಕ್ಷೆಯ ವಿಧಾನವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಬಹಳಷ್ಟು ರಿಪೋರ್ಟುಗಳಲ್ಲಿ ಅಲ್ಲಿ ‘ಇಸಿಎಲ್‌ಐಎ’ ಎಂದಿರುತ್ತದೆ.

ಎಲೆಕ್ಟ್ರೋಕೆಮಿಲ್ಯುಮಿನಿಸೆನ್ಸ್ ಇಮ್ಯುನೊಅಸ್ಸೇ ಎಂಬುದು ಅದರ ಪೂರ್ತಿ ಹೆಸರು. ಹೆಸರು ಉದ್ದವಾದರೂ ಒಳಗೆ ನಡೆಯುವ ಕೆಲಸ ಸರಳ. ಸೀರಂನಲ್ಲಿರುವ ಪಿಎಸ್‌ಎ ಅಣುವನ್ನು ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ. ಒಂದು ಪ್ರತಿಕಾಯವನ್ನು ಅಯಸ್ಕಾಂತಕ್ಕೆ ಅಂಟುವ ಸೂಕ್ಷ್ಮ ಮಣಿಗೆ ಕಟ್ಟಿರುತ್ತಾರೆ, ಇನ್ನೊಂದಕ್ಕೆ ರುಥೇನಿಯಂ ಎಂಬ ಲೋಹದ ಸಂಯುಕ್ತವನ್ನು. ಅಯಸ್ಕಾಂತವು ಆ ಮಣಿಗಳನ್ನು ಎಳೆದು ಎಲೆಕ್ಟ್ರೋಡಿನ ಮೇಲೆ ಕೂರಿಸುತ್ತದೆ. ವಿದ್ಯುತ್ ಕೊಟ್ಟೊಡನೆ ರುಥೇನಿಯಂ ಬೆಳಗುತ್ತದೆ. ಎಷ್ಟು ಬೆಳಕು ಬಂತು ಎನ್ನುವುದರಿಂದ ಎಷ್ಟು ಪಿಎಸ್‌ಎ ಇದೆ ಎಂಬ ಲೆಕ್ಕ ಸಿಗುತ್ತದೆ. ರೋಶ್ ಕಂಪನಿಯ ಎಲೆಕ್ಸಿಸ್ ಯಂತ್ರಗಳು 1990ರ ದಶಕದಿಂದ ಮಾಡುತ್ತಿರುವುದು ಇದನ್ನೇ. ಅಂದರೆ ಕ್ಯಾನ್ಸರಿನ ಸುಳಿವನ್ನು ಎಲೆಕ್ಟ್ರೋಡಿನಿಂದ ಹಿಡಿಯುವ ವಿದ್ಯೆ ನಮ್ಮ ಬೀದಿಗೆ ಬಂದು ಬಹಳ ಕಾಲವಾಗಿದೆ. ಆದರೆ ಅದು ಕೂತಿರುವ ಯಂತ್ರ ದೊಡ್ಡದು. ಎ.ಸಿ. ಕೋಣೆ, ಫ್ರಿಜ್ಜಿನಲ್ಲಿಟ್ಟ ರಾಸಾಯನಿಕ, ತರಬೇತಾದ ಟೆಕ್ನಿಶಿಯನ್ ಎಲ್ಲವೂ ಬೇಕು. ಹಾಗಾಗಿ ರಕ್ತವೇ ಯಂತ್ರದ ಬಳಿಗೆ ಪ್ರಯಾಣ ಮಾಡುತ್ತದೆ.

ಯಂತ್ರವೇ ಮನುಷ್ಯರ ಬಳಿಗೆ ಬರುವಂತೆ ಮಾಡಲು ಆಗದೇ ಎಂಬುದು ಎಲೆಕ್ಟ್ರೋಕೆಮಿಕಲ್ ಬಯೋಸೆನ್ಸರ್ (ಜೈವಿಕ ಅಣುಗಳನ್ನು ಎಲೆಕ್ಟ್ರೋಡಿನಿಂದ ಅಳೆಯುವ ಸಾಧನ) ಕೆಲಸದಲ್ಲಿರುವವರ ಆಸೆ. ಒಂದು ರೋಗದ ಮಟ್ಟಿಗೆ ಆ ಆಸೆ ಈಗಾಗಲೇ ಕೈಗೂಡಿದೆ. ಸಕ್ಕರೆ ಕಾಯಿಲೆಯವರ ಮನೆಯ ಗ್ಲೂಕೋಮೀಟರ್ ಅದೇ ತಾನೆ?

ಅವಧಿ ಮುಗಿದ ಒಂದು ಗ್ಲೂಕೋಮೀಟರ್ ಸ್ಟ್ರಿಪ್ಪನ್ನು ಬಿಸಾಡುವ ಮುನ್ನ ಬ್ಲೇಡಿನಿಂದ ಮೇಲಿನ ಪದರ ಎಬ್ಬಿಸಿ ನೋಡಿ. ಸಾಮಾನ್ಯವಾಗಿ ಕಪ್ಪು ಕಾರ್ಬನ್ ಮಸಿಯಲ್ಲೋ ತೆಳು ಲೋಹದಲ್ಲೋ ಎಳೆದ ಗೆರೆಗಳು ತುದಿಯಿಂದ ತುದಿಗೆ ಓಡುತ್ತವೆ. ಅವೇ ಎಲೆಕ್ಟ್ರೋಡುಗಳು. ರಕ್ತ ಮುಟ್ಟಿಸುವ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಸಂದು ಇರುತ್ತದೆ. ರಕ್ತವನ್ನು ಹೀರಿಕೊಳ್ಳುವುದು ಆ ಸಂದೇ, ನಾವು ತಳ್ಳಬೇಕಿಲ್ಲ. ಒಳಗೆ ಒಣಗಿ ಕೂತ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತು, ಇನ್ನೊಂದು ರಾಸಾಯನಿಕದ ಮೂಲಕ ಆ ಗೆರೆಗೆ ದಾಟಿಸುತ್ತದೆ. ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸಬಹುದು ಎಂದು ಲೇಲಂಡ್ ಕ್ಲಾರ್ಕ್ ಅಮೆರಿಕದಲ್ಲಿ ತೋರಿಸಿದ್ದು 1962ರಲ್ಲಿ. ಎಲೆಕ್ಟ್ರಾನ್ ದಾಟಿಸಲು ಫೆರೋಸೀನ್ ಬಳಸಬಹುದು ಎಂದು ಇಂಗ್ಲೆಂಡಿನ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದರು. 1987ರ ಹೊತ್ತಿಗೆ ಆ ವಿಧಾನದ ಮೀಟರ್ ಮಾರುಕಟ್ಟೆಗೆ ಬಂತು. ಇವತ್ತು ಶಿವಾಜಿನಗರದ ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಸ್ಟ್ರಿಪ್ ಸಿಗುತ್ತದೆ.

ಹಾಗಾದರೆ ಅದೇ ಸ್ಟ್ರಿಪ್ಪಿನಲ್ಲಿ ಗ್ಲೂಕೋಸಿನ ಬದಲು ಕ್ಯಾನ್ಸರಿನ ಅಣುವನ್ನು ಏಕೆ ಅಳೆಯಬಾರದು? ಮೊದಲ ಅಡ್ಡಿ ಪ್ರಮಾಣದ್ದು. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ನ್ಯಾನೋಗ್ರಾಂ ಲೆಕ್ಕದಲ್ಲಿ ಹೇಳಿದರೆ ಹತ್ತು ಲಕ್ಷ. ಮೂತ್ರಪಿಂಡ ಹಾಳಾಗಲು ಶುರುವಾದಾಗ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್ ಅದೇ ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಸಾವಿರ ನ್ಯಾನೋಗ್ರಾಂ. ಪಿಎಸ್‌ಎ? ವೈದ್ಯರು ಎಚ್ಚೆತ್ತುಕೊಳ್ಳುವ ಗಡಿಯೇ ನಾಲ್ಕು ನ್ಯಾನೋಗ್ರಾಂ. ಅದರ ಸುತ್ತ ರಕ್ತದಲ್ಲಿ ತೇಲುತ್ತಿರುವ ಆಲ್ಬುಮಿನ್ ಒಂದೇ ಸುಮಾರು ನಾಲ್ಕು ಕೋಟಿ ನ್ಯಾನೋಗ್ರಾಂ. ಇಡೀ ಬೆಂಗಳೂರಿನ ಜನರನ್ನು ಒಂದು ಬಯಲಿನಲ್ಲಿ ನಿಲ್ಲಿಸಿ, ಅವರ ನಡುವೆ ಒಬ್ಬರನ್ನು ಕಣ್ಣಳತೆಯಲ್ಲೇ ಗುರುತಿಸು ಎಂದಂತೆ ಈ ಕೆಲಸ.

ಗುರುತಿಸುವ ಉಪಾಯಗಳಿವೆ. ಎಲೆಕ್ಟ್ರೋಡಿನ ಮೈಗೆ ಪ್ರತಿಕಾಯಗಳನ್ನು ಅಂಟಿಸುತ್ತಾರೆ. ಬೇಕಾದ ಅಣು ಬಂದು ಕೂತರೆ ವಿದ್ಯುತ್ತು ಹರಿಯುವ ದಾರಿಗೆ ತಡೆ ಹೆಚ್ಚುತ್ತದೆ, ಆ ತಡೆಯನ್ನು ಅಳೆಯುತ್ತಾರೆ. ಇಲ್ಲವೇ ಎರಡನೇ ಪ್ರತಿಕಾಯಕ್ಕೆ ಕಿಣ್ವ ಕಟ್ಟಿ, ಒಂದು ಅಣು ಬಂದು ಕೂತರೆ ಸಾವಿರಾರು ಎಲೆಕ್ಟ್ರಾನ್ ಹೊರಡುವಂತೆ ಮಾಡುತ್ತಾರೆ. ಚಿನ್ನದ ನ್ಯಾನೋ ಕಣ, ಗ್ರಾಫೀನ್, ಕಾರ್ಬನ್ ನಾಳಗಳಿಂದ ಎಲೆಕ್ಟ್ರೋಡಿನ ಮೈಯನ್ನು ಹಿಗ್ಗಿಸುತ್ತಾರೆ. ಇವೆಲ್ಲ ಸೇರಿ ಲ್ಯಾಬಿನ ಶುದ್ಧ ದ್ರಾವಣದಲ್ಲಿ ನ್ಯಾನೋಗ್ರಾಂ ಏನು, ಅದರ ಸಾವಿರದಲ್ಲೊಂದು ಭಾಗವನ್ನೂ ಹಿಡಿಯಬಹುದು. ಅಂಥ ಪ್ರಬಂಧಗಳು ರಾಶಿ ರಾಶಿ ಬಂದಿವೆ.

ಬೆಂಗಳೂರಿನಲ್ಲಿ ಈ ದಾರಿಯಲ್ಲಿ ನಿಜವಾಗಿ ನಡೆದು ತೋರಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯವರು. ಶಿವಾಜಿನಗರದಿಂದ ಮೇಖ್ರಿ ವೃತ್ತ ದಾಟಿದರೆ ಸಂಸ್ಥೆಯ ಆವರಣ ಬಹಳ ದೂರವಿಲ್ಲ. ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರದ ಪ್ರೊ. ನವಕಾಂತ ಭಟ್, ವಿನಯ್ ಕುಮಾರ್ ಮತ್ತು ಸಂಗಡಿಗರು ಕಟ್ಟಿದ ಪಾತ್‌ಶೋಧ್ ಹೆಲ್ತ್‌ಕೇರ್ ಕಂಪನಿ, ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದಾದ ಸಾಧನದಲ್ಲಿ ಗ್ಲೂಕೋಸ್ ಅಲ್ಲದೆ ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರದ ಆಲ್ಬುಮಿನ್ ಇತ್ಯಾದಿಗಳನ್ನೂ ಅಳೆಯುವ ಸ್ಟ್ರಿಪ್ಪುಗಳನ್ನು ತಂದಿತು. ಭಟ್ ಅವರಿಗೆ 2018ರ ಇನ್ಫೊಸಿಸ್ ಪ್ರಶಸ್ತಿ ಬಂದದ್ದು ಬಯೋಸೆನ್ಸರ್ ಮತ್ತು ಅನಿಲ ಸಂವೇದಕಗಳ ಕೆಲಸಕ್ಕೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಇದೇ ಕಂಪನಿ ಕೊರೊನಾ ಪ್ರತಿಕಾಯಗಳನ್ನು ಎಲೆಕ್ಟ್ರೋಡಿನಲ್ಲಿ ಅಳೆಯುವ ಪರೀಕ್ಷೆಗೆ ಕೇಂದ್ರದ ಔಷಧ ನಿಯಂತ್ರಕರಿಂದ ಪರವಾನಗಿ ಪಡೆಯಿತು. ನನ್ನ ಮಟ್ಟಿಗೆ ಈ ಕೊನೆಯದು ದೊಡ್ಡ ಹೆಜ್ಜೆ. ಕಿಣ್ವದಿಂದ ಸಕ್ಕರೆ ಅಳೆಯುವುದು ಒಂದು ವಿದ್ಯೆ, ಒಂದು ಪ್ರೋಟೀನನ್ನು ಇನ್ನೊಂದು ಪ್ರೋಟೀನಿನಿಂದ ಹಿಡಿದು ಅಂಗೈ ಸಾಧನದಲ್ಲಿ ಓದುವುದು ಬೇರೆಯೇ ವಿದ್ಯೆ. ಕ್ಯಾನ್ಸರ್ ಸೆನ್ಸರಿಗೆ ಬೇಕಾದದ್ದು ಈ ಎರಡನೆಯದು. ಪಾತ್‌ಶೋಧ್ ಹೆಸರು ಮಾಡಿದ್ದು ಸಕ್ಕರೆ ಕಾಯಿಲೆ ಮತ್ತು ಅದರ ಬೆನ್ನಿಗೆ ಬರುವ ತೊಂದರೆಗಳ ಪರೀಕ್ಷೆಯಲ್ಲಿ, ಕ್ಯಾನ್ಸರಿನಲ್ಲಲ್ಲ ಎಂಬುದೂ ನೆನಪಿರಲಿ. ಆದರೂ ಮಸಿಯಲ್ಲಿ ಎಲೆಕ್ಟ್ರೋಡ್ ಮುದ್ರಿಸುವುದು, ಜೈವಿಕ ಪದಾರ್ಥವನ್ನು ಕೆಡದಂತೆ ಒಣಗಿಸಿಡುವುದು, ಸಾವಿರಾರು ಸ್ಟ್ರಿಪ್ಪುಗಳು ಒಂದೇ ರೀತಿ ವರ್ತಿಸುವಂತೆ ಮಾಡುವುದು, ಪರವಾನಗಿಯ ಕಾಗದಪತ್ರ ದಾಟುವುದು ಇವೆಲ್ಲ ಈ ಊರಿನಲ್ಲಿ ಆಗಿವೆ.

ಎರಡನೇ ಅಡ್ಡಿ ಇನ್ನೂ ದೊಡ್ಡದು, ಅದು ಎಲೆಕ್ಟ್ರೋಡಿಗೆ ಸಂಬಂಧಿಸಿದ್ದೇ ಅಲ್ಲ. ಏನನ್ನು ಅಳೆಯಬೇಕು? ಪಿಎಸ್‌ಎ ಪ್ರಾಸ್ಟೇಟ್ ಸುಮ್ಮನೆ ಊದಿಕೊಂಡರೂ ಏರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ 125 ಮುಟ್ಟಿನ ದಿನಗಳಲ್ಲೂ ಏರಬಹುದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಸಿಎ 125 ಇಲ್ಲವೇ ಸ್ಕ್ಯಾನಿಂಗ್‌ನಿಂದ ತಪಾಸಣೆ ಮಾಡಿ, ಉಳಿದವರನ್ನು ಹೋಲಿಕೆಗೆ ಇಟ್ಟುಕೊಂಡು, ಎಲ್ಲರನ್ನೂ ವರ್ಷಗಟ್ಟಲೆ ಗಮನಿಸಿದರು. 2021ರಲ್ಲಿ ಬಂದ ಫಲಿತಾಂಶ ನೋವಿನದು: ತಪಾಸಣೆಯಿಂದ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಅಲ್ಲಿ ಅಳತೆ ತಪ್ಪಿರಲಿಲ್ಲ. ಅಳೆದ ವಸ್ತು ಪ್ರಾಣ ಉಳಿಸುವಷ್ಟು ಸುಳಿವನ್ನು ಬೇಗ ಕೊಡಲಿಲ್ಲ.

ಇದರ ಜೊತೆಗೆ ಒಂದು ಗಣಿತವಿದೆ, ಅದನ್ನು ಪ್ರತಿಯೊಬ್ಬರೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಕೆ.ಆರ್. ಪುರದಲ್ಲಿ ಒಂದು ಲಕ್ಷ ಜನರಿಗೆ ಹೊಸ ಸೆನ್ಸರಿನಿಂದ ಪರೀಕ್ಷೆ ಮಾಡಿದೆವು ಎಂದುಕೊಳ್ಳೋಣ. ಅವರಲ್ಲಿ ನೂರು ಜನರಿಗೆ ಆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳೋಣ. ಸೆನ್ಸರ್ ರೋಗವಿದ್ದ ನೂರರಲ್ಲಿ ತೊಂಬತ್ತನ್ನು ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ ತೊಂಬತ್ತನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಕೇಳಲು ಒಳ್ಳೆಯ ಸೆನ್ಸರೇ. ಅದು 90 ನಿಜವಾದ ರೋಗಿಗಳನ್ನು ಹಿಡಿಯಿತು, ಸರಿ. ಉಳಿದ 99,900 ಜನರಲ್ಲಿ ನೂರಕ್ಕೆ ಹತ್ತರಂತೆ 9,990 ಮಂದಿಗೆ ಏನೂ ಇಲ್ಲದಿದ್ದರೂ ‘ಇದೆ’ ಎಂದಿತು. ಅಂದರೆ ಒಬ್ಬ ರೋಗಿಯನ್ನು ಹುಡುಕಲು ನೂರಾ ಹತ್ತಕ್ಕೂ ಹೆಚ್ಚು ಆರೋಗ್ಯವಂತರ ಮನೆಯಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಅವರೆಲ್ಲ ಸ್ಕ್ಯಾನಿಂಗ್, ಬಯಾಪ್ಸಿ ಎಂದು ಓಡಾಡಬೇಕು. ಸರ್ಕಾರಿ ಆಸ್ಪತ್ರೆಯ ಸಾಲು ಅಷ್ಟೂ ಜನರನ್ನು ತಾಳಬೇಕು, ಅದೇ ಸಾಲಿನಲ್ಲಿ ಆ ತೊಂಬತ್ತು ಮಂದಿಯೂ ನಿಂತಿರುತ್ತಾರೆ. ‘ತೊಂಬತ್ತು ಶೇಕಡಾ ನಿಖರ’ ಎಂಬ ತಲೆಬರಹ ಕಂಡಾಗಲೆಲ್ಲ ಈ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಆದ್ದರಿಂದ ಪ್ರಶ್ನೆಯನ್ನು ಊರಿನಿಂದ ಶುರು ಮಾಡುವುದು ಮೇಲು. ಕಂಟೋನ್ಮೆಂಟ್ ಕಡೆಯ ಬೀದಿಗಳಲ್ಲಿ ಯಾವ ಕ್ಯಾನ್ಸರಿಗೆ ಸೆನ್ಸರ್ ಹೆಚ್ಚು ಬೇಕು? ರಸೆಲ್ ಮಾರ್ಕೆಟ್ಟಿನ ಸುತ್ತ ಸರಕು ಹೊರುವವರು, ಆಟೊ ಚಾಲಕರು, ಕೆ.ಆರ್. ಪುರದಾಚೆಯ ಕಟ್ಟಡ ಕೆಲಸದವರು ಇವರಲ್ಲಿ ಎಷ್ಟೋ ಜನರ ಕೆನ್ನೆಯೊಳಗೆ ಹಗಲೆಲ್ಲ ಏನಾದರೊಂದು ಇರುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಪೆಟ್ಟಿಗೆ ಅಂಗಡಿಯಲ್ಲಿ ಅಕ್ಕಪಕ್ಕ ತೂಗಾಡತೊಡಗಿದವು; ಬಾಯಲ್ಲಿ ಎರಡೂ ಒಂದಾಗುತ್ತವೆ. ತಂಬಾಕು ಇಲ್ಲದ ಬರೀ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೇಳಿ ಎರಡು ದಶಕ ದಾಟಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಬರೆಯದೆ ಇರಲೂ ಆಗದು.

ಬಾಯಿಯ ಕ್ಯಾನ್ಸರ್ ಸೆನ್ಸರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಗಾಯ ಎಂಜಲಿನಲ್ಲೇ ನೆನೆಯುತ್ತಿರುತ್ತದೆ, ಸೂಜಿ ಚುಚ್ಚಬೇಕಿಲ್ಲ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಂಗ್ ತಂಡ 2009ರಲ್ಲಿ ಎಂಜಲಿನಲ್ಲಿರುವ ಇಂಟರ್‌ಲ್ಯೂಕಿನ್ 8 ಎಂಬ ಪ್ರೋಟೀನನ್ನೂ ಅದರ ಆರ್‌ಎನ್‌ಎಯನ್ನೂ ಒಟ್ಟಿಗೆ ಎಲೆಕ್ಟ್ರೋಡಿನಲ್ಲಿ ಅಳೆದು, 28 ರೋಗಿಗಳನ್ನು 28 ಆರೋಗ್ಯವಂತರಿಂದ ಚೆನ್ನಾಗಿಯೇ ಬೇರ್ಪಡಿಸಿತು. ದೆಹಲಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬಿ.ಡಿ. ಮಲ್ಹೋತ್ರಾ ತಂಡ ಜಿರ್ಕೋನಿಯಾ ನ್ಯಾನೋ ಕಣ ಲೇಪಿಸಿದ ಎಲೆಕ್ಟ್ರೋಡಿನಿಂದ ಎಂಜಲಿನ ಸೈಫ್ರಾ 21-1 ಎಂಬ ಪ್ರೋಟೀನನ್ನು ಹಿಡಿಯಿತು. ಒಳ್ಳೆಯ ಕೆಲಸಗಳು. ಹಾಗಿದ್ದೂ ಹಲಸೂರಿನ ದಂತವೈದ್ಯರ ಮೇಜಿನ ಮೇಲೆ ಅಂಥ ಸ್ಟ್ರಿಪ್ ಇನ್ನೂ ಬಂದಿಲ್ಲ.

ಏಕೆಂದು ತಿಳಿಯಬೇಕಾದರೆ ಇಲ್ಲಿನ ಒಂದು ಬಾಯಿಯನ್ನು ಹತ್ತಿರದಿಂದ ನೋಡಬೇಕು. ಹತ್ತಾರು ವರ್ಷ ಎಲೆಅಡಿಕೆ, ಕಡ್ಡಿಪುಡಿ ಹಾಕಿದ ಬಾಯಿ. ಹಲ್ಲಿನ ಬುಡ ಕಂದು, ವಸಡು ಊದಿ ರಕ್ತ ಜಿನುಗುತ್ತಿದೆ. ಇಂಟರ್‌ಲ್ಯೂಕಿನ್ 8 ಉರಿಯೂತದ ಪ್ರೋಟೀನ್. ಬರೀ ವಸಡಿನ ರೋಗ ಇದ್ದರೂ ಅದು ಏರುತ್ತದೆ. ಹಲ್ಲು, ವಸಡು ಚೆನ್ನಾಗಿರುವವರನ್ನು ‘ಆರೋಗ್ಯವಂತರು’ ಎಂದು ಆರಿಸಿ ಹಾಕಿದ ಗಡಿ ಈ ಬಾಯಿಗೆ ಹೊಂದುವುದಿಲ್ಲ. ಇನ್ನು ರಸಾಯನದ ತೊಡಕು. ಅಡಿಕೆಯಲ್ಲಿ, ಕಾಚಿನಲ್ಲಿ ಕ್ಯಾಟೆಚಿನ್, ಟ್ಯಾನಿನ್‌ಗಳಿವೆ. ಇವು ಎಲೆಕ್ಟ್ರೋಡಿನ ಮೇಲೆ ತಾವೇ ಎಲೆಕ್ಟ್ರಾನ್ ಬಿಟ್ಟುಕೊಡುವ ಪದಾರ್ಥಗಳು. ಕ್ಯಾನ್ಸರಿನ ಅಣು ಒಂದೂ ಇಲ್ಲದೆ ಸೆನ್ಸರಿನಲ್ಲಿ ಕರೆಂಟು ಹರಿಯಬಹುದು. ಟ್ಯಾನಿನ್ ಪ್ರೋಟೀನುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಎಲೆಕ್ಟ್ರೋಡಿನ ಮೇಲಿನ ಪ್ರತಿಕಾಯಗಳೇ ಮುಚ್ಚಿಹೋಗಬಹುದು. ಸುಣ್ಣ ಎಂಜಲಿನ ಕ್ಷಾರವನ್ನು ಏರಿಸುತ್ತದೆ, ಕ್ಷಾರ ಬದಲಾದರೆ ಎಲೆಕ್ಟ್ರೋಡಿನ ಓದು ಬದಲಾಗುತ್ತದೆ. ಎಂಜಲಿನ ಲೋಳೆಯಂತೂ ಯಾವ ಮೈಯನ್ನೂ ಬಿಡದೆ ಮೆತ್ತಿಕೊಳ್ಳುತ್ತದೆ.

ಇವಕ್ಕೆ ಪರಿಹಾರ ಇಲ್ಲವೆಂದಲ್ಲ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂರಿಸುವುದು, ಪ್ರತಿಕಾಯವಿಲ್ಲದ ಎರಡನೇ ಎಲೆಕ್ಟ್ರೋಡನ್ನು ಅದೇ ಸ್ಟ್ರಿಪ್ಪಿನಲ್ಲಿಟ್ಟು ಅದರ ಓದನ್ನು ಕಳೆಯುವುದು, ಒಂದರ ಬದಲು ನಾಲ್ಕೈದು ಅಣುಗಳನ್ನು ಒಟ್ಟಿಗೆ ನೋಡುವುದು, ಶೋಧಕ ಪದರ ಹಾಕುವುದು ಹೀಗೆ ದಾರಿಗಳಿವೆ. ಆದರೆ ಆ ದಾರಿ ಹುಡುಕಲು ಎಲೆಅಡಿಕೆ ಹಾಕುವವರ ಎಂಜಲೇ ಬೇಕು. ಪ್ಯಾಕೆಟ್ಟಿನಲ್ಲಿ ಬರುವ ಕೃತಕ ಲಾಲಾರಸದಲ್ಲಿ ಸಿದ್ಧವಾದ ಸೆನ್ಸರ್ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತ ಮನುಷ್ಯರ ಮುಂದೆ ಸೋಲುವುದು ಖಂಡಿತ. ಪ್ರಯೋಗ ಮೊದಲ ದಿನದಿಂದಲೇ ಅಂಥ ಕಡೆ ನಡೆಯಬೇಕು, ಸೆನ್ಸರ್ ತಯಾರಾದ ಮೇಲೆ ಅಲ್ಲ.

ಸೆನ್ಸರ್ ಬರುವ ತನಕ ಕೈಕಟ್ಟಿ ಕೂರಬೇಕೇ? ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಕೊಟ್ಟ ಕಾರ್ಯಕರ್ತರು ಮನೆ ಮನೆಗೆ ಹೋಗಿ ಟಾರ್ಚ್ ಹಾಕಿ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು, ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದಿತ್ತು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ಕಲಿಸಿ, ವಿನೆಗರ್ ಹಚ್ಚಿ ಗರ್ಭಕೊರಳು ನೋಡುವ ಪರೀಕ್ಷೆ ಮಾಡಿಸಿದರು. ಸಾವು ಶೇ 31ರಷ್ಟು ಕಡಿಮೆಯಾಯಿತು. ಟಾರ್ಚ್ ಮತ್ತು ವಿನೆಗರ್! ಹೀಗಿರುವಾಗ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗರ್ಭಕೊರಳಿನ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡ 30ರಿಂದ 49ರ ಹೆಂಗಸರು ದೇಶದಲ್ಲಿ ಶೇ 1.9, ಬಾಯಿ ತೋರಿಸಿಕೊಂಡವರು ಶೇ 0.9. ಮೂವತ್ತು ದಾಟಿದ ಎಲ್ಲರಿಗೂ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. 2022ರ ಕೊನೆಯಿಂದ ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್‌’ಗಳೂ ತೆರೆದಿವೆ. ಹೋಗಿ ಕೇಳುವವರು ಕಡಿಮೆ, ಕರೆದು ನೋಡುವವರೂ ಕಡಿಮೆ.

ತಡವಾದವರಿಗೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಪೂರ್ವಭಾಗ ಬಹಳ ಹಿಂದೆಯೇ ಕಂಡಿತ್ತು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಒಂದು ಟ್ರಸ್ಟ್ ಮಾಡಿದವು. ಮಾರತ್ತಹಳ್ಳಿ ಕಡೆಯಲ್ಲಿ 1999ರಲ್ಲಿ ತೆರೆದ ‘ಕರುಣಾಶ್ರಯ’ ಅದರ ಫಲ. ವಾಸಿಯಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸಿ, ಅವರನ್ನು ದುಡ್ಡು ಕೇಳದೆ ನೋಡಿಕೊಳ್ಳುವ ಜಾಗ ಅದು. ಸೆನ್ಸರಿನ ಬೆಲೆಯನ್ನು ಅದು ಎಷ್ಟು ಕಡಿಮೆ ಅಣು ಹಿಡಿಯಿತು ಎಂಬುದರಿಂದ ಅಳೆಯುವುದಕ್ಕಿಂತ, ಅಂಥ ಹಾಸಿಗೆಗೆ ಬರುವವರು ಎಷ್ಟು ಕಡಿಮೆಯಾದರು ಎಂಬುದರಿಂದ ಅಳೆಯಬೇಕು.

ಹಾಗೆ ನೋಡಿದರೆ ಸೆನ್ಸರಿಗೆ ಒಂದು ಸರಿಯಾದ ಜಾಗ ಕಾಣುತ್ತದೆ. ಲಕ್ಷ ಜನರನ್ನು ಕುರುಡಾಗಿ ಪರೀಕ್ಷಿಸುವುದಲ್ಲ. ಆಶಾ ಕಾರ್ಯಕರ್ತೆ ಟಾರ್ಚ್ ಹಾಕಿ ಬಿಳಿ ಮಚ್ಚೆಯನ್ನೋ ಕೆಂಪು ಮಚ್ಚೆಯನ್ನೋ ಕಂಡ ಮೇಲೆ, ಇವರಲ್ಲಿ ಯಾರನ್ನು ಇವತ್ತೇ ಬಯಾಪ್ಸಿಗೆ ಕಳಿಸಬೇಕು, ಯಾರನ್ನು ತಿಂಗಳು ಬಿಟ್ಟು ನೋಡಬಹುದು ಎಂದು ತೀರ್ಮಾನಿಸಲು. ಮಚ್ಚೆ ಇರುವವರಲ್ಲಿ ರೋಗದ ಸಾಧ್ಯತೆಯೇ ಹೆಚ್ಚಿರುವುದರಿಂದ ಹಿಂದೆ ಮಾಡಿದ ಲೆಕ್ಕ ಇಲ್ಲಿ ಅಷ್ಟು ಕ್ರೂರವಾಗಿರುವುದಿಲ್ಲ.

ಇನ್ನೊಂದು ಜಾಗ ಗರ್ಭಕೊರಳು, ಎಲ್ಲಕ್ಕಿಂತ ಮೊದಲು ಕೈಹಾಕಬೇಕಾದದ್ದು ಇದಕ್ಕೇ ಎಂದು ನನಗನಿಸುತ್ತದೆ. ಆ ಕ್ಯಾನ್ಸರಿಗೆ ಹೆಚ್ಚುಕಡಿಮೆ ಪ್ರತಿ ಬಾರಿಯೂ ಕಾರಣ ಎಚ್‌ಪಿವಿ ವೈರಸ್. ವೈರಸ್ಸಿನ ಡಿಎನ್‌ಎ ನಮ್ಮ ದೇಹದ್ದಲ್ಲ. ಉರಿಯೂತದಿಂದ ಏರುವುದು, ಮುಟ್ಟಿನಿಂದ ಏರುವುದು ಎಂಬ ಗೊಂದಲ ಇಲ್ಲ. ಅದನ್ನು ಎಲೆಕ್ಟ್ರೋಡಿನಲ್ಲಿ ಹಿಡಿಯಬಹುದು ಎಂಬುದೂ ಹೊಸ ಮಾತಲ್ಲ: ಅಪಾಯದ 13 ಬಗೆಯ ಎಚ್‌ಪಿವಿಗಳನ್ನು ವಿದ್ಯುತ್ತಿನಿಂದ ಗುರುತಿಸುವ ಡಿಎನ್‌ಎ ಚಿಪ್ ಜಪಾನಿನಲ್ಲಿ ಬಳಕೆಗೆ ಬಂದಿತ್ತು. ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು, ಮುಜುಗರ ಪಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಹೇಳುತ್ತಿದೆ. ವೈರಸ್ ಇದ್ದವರಿಗೆಲ್ಲ ಕ್ಯಾನ್ಸರ್ ಇದೆ ಎಂದಲ್ಲ. ಆದರೆ ಗರ್ಭಕೊರಳನ್ನು ಪರೀಕ್ಷಿಸಿ, ಕ್ಯಾನ್ಸರಿಗೆ ಮುಂಚಿನ ಮಚ್ಚೆ ಇದ್ದರೆ ಹೆಚ್ಚಿನವರಿಗೆ ಅಲ್ಲೇ ಬಿಸಿ ತಾಗಿಸಿ ಸುಟ್ಟುಹಾಕಬಹುದು. ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ, ಕೈಯಲ್ಲಿ ಹಿಡಿಯುವ ಉಪಕರಣ.

ಜೋಗುಪಾಳ್ಯದಿಂದ ಇಂದಿರಾನಗರದ ನಾಲ್ಕು ಮನೆಗಳಿಗೆ ಕೆಲಸಕ್ಕೆ ಹೋಗುವ ಹೆಂಗಸಿಗೆ ಇವತ್ತು ಮಾದರಿ ಕೊಡುವುದಕ್ಕೆ ಒಂದು ದಿನ, ರಿಪೋರ್ಟಿಗೆ ಇನ್ನೊಂದು ದಿನ, ಚಿಕಿತ್ಸೆಗೆ ಮತ್ತೊಂದು ದಿನ ಎಂದರೆ ಎರಡನೇ ದಿನವೇ ಆಕೆ ಬರುವುದಿಲ್ಲ. ರಜೆ ಕೇಳಿದರೆ ಸಂಬಳ ಕಡಿತ, ಹೆಚ್ಚು ಕೇಳಿದರೆ ಕೆಲಸವೇ ಹೋದೀತು. ಹತ್ತು ಗಂಟೆಗೆ ಮಾದರಿ, ಹನ್ನೆರಡರೊಳಗೆ ಫಲಿತಾಂಶ, ಬೇಕಿದ್ದರೆ ಊಟದ ಹೊತ್ತಿಗೆ ಚಿಕಿತ್ಸೆ ಎಂಬಂತಾದರೆ ಬರುತ್ತಾಳೆ. ದೊಡ್ಡ ಯಂತ್ರ ಇದನ್ನು ಮಾಡಿಕೊಡಲಾರದು, ಏಕೆಂದರೆ ಅದು ಸಾಮಾನ್ಯವಾಗಿ ಸಾಕಷ್ಟು ಮಾದರಿ ಸೇರುವ ತನಕ ಕಾಯುತ್ತದೆ. ಒಂದೊಂದೇ ಮಾದರಿಯನ್ನು ಅಲ್ಲೇ ಓದುವ ಸ್ಟ್ರಿಪ್ಪಿನಿಂದ ಸಾಧ್ಯ. ಅಂಥ ಸ್ಟ್ರಿಪ್ ತಯಾರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ: ಫ್ರಿಜ್ ಇಲ್ಲದೆ ಏಪ್ರಿಲ್ ತಿಂಗಳು ದಾಟುತ್ತದೆಯೇ, ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ನಡೆಯುತ್ತದೆಯೇ, ನಮ್ಮ ಕ್ಲಿನಿಕ್‌ನ ನರ್ಸ್ ಒಬ್ಬರೇ ಮಾಡಬಲ್ಲರೇ, ಮತ್ತು ‘ಇದೆ’ ಎಂದು ಬಂದ ಹೆಂಗಸನ್ನು ಅದೇ ದಿನ ನೋಡುವ ವೈದ್ಯರು ಯಾವ ಕೋಣೆಯಲ್ಲಿ, ಎಷ್ಟು ಗಂಟೆಯ ತನಕ ಇರುತ್ತಾರೆ.